ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು: ವಿಶ್ವವಿದ್ಯಾಲಯದಲ್ಲಿ ಡಿಜಿಟಲ್ ಕಲೆ ಮತ್ತು ಮಾನವಿಕಗಳ ಹಂಚಿಕೆಯ ಕಾರ್ಯಸ್ಥಳವನ್ನು ಕಟ್ಟುವ ಬಗೆ

ಇತಿಹಾಸದ ಅಧ್ಯಾಪಕರು, ದೃಶ್ಯಕಲೆಯ ವಿದ್ಯಾರ್ಥಿ, ಗ್ರಂಥಪಾಲಕರು ಮತ್ತು ಪ್ರೋಗ್ರಾಂ ಬರೆಯಬಲ್ಲ ಒಬ್ಬರು ಸೇರಿ ಹಳೆಯ ಪತ್ರಗಳ ಸಂಗ್ರಹವೊಂದನ್ನು ಡಿಜಿಟಲ್ ರೂಪಕ್ಕೆ ತರಲು ಹೊರಟರೆ, ಮೊದಲ ದಿನವೇ ಎಲ್ಲರ ಬಾಯಲ್ಲೂ ಬರುವ ಬೇಡಿಕೆ ಒಂದು ಕೊಠಡಿ ಮತ್ತು ನಾಲ್ಕು ಕಂಪ್ಯೂಟರ್. ಅರ್ಜಿ ಹಾಕಿ, ಕಾದು, ಕೊನೆಗೆ ಕೊಠಡಿ ಸಿಕ್ಕಿದ ಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಲ್ಯಾಪ್‌ಟಾಪ್ ತಂದು ಒಂದೊಂದು ಮೂಲೆ ಹಿಡಿಯುತ್ತಾರೆ. ಸೂರು ಒಂದೇ ಆದರೂ ಕೆಲಸ ಮಾತ್ರ ಬೇರೆ ಬೇರೆಯೇ ನಡೆಯುತ್ತಿರುತ್ತದೆ.

ನಾನು ಸೇರಿದ್ದ ಒಂದು ತಂಡದಲ್ಲಿ ಇದು ಹೀಗೆಯೇ ಆಯಿತು. ಸಂಶೋಧನಾ ವಿದ್ಯಾರ್ಥಿಯೊಬ್ಬರು ಒಂದು ವರ್ಷ ಕುಳಿತು ನಾನೂರಕ್ಕೂ ಹೆಚ್ಚು ಪತ್ರಗಳ ವಿವರವನ್ನು ಅಚ್ಚುಕಟ್ಟಾಗಿ ಒಂದು ಪಟ್ಟಿಗೆ ಇಳಿಸಿ, ಪ್ರಬಂಧ ಮುಗಿಸಿ ಹೊರಟುಹೋದರು. ಆ ಪಟ್ಟಿಯ ಏಳನೆಯ ಕಾಲಂನಲ್ಲಿ ಕೆಲವೆಡೆ ‘ಪ’ ಎಂದೂ, ಕೆಲವೆಡೆ ‘ಪ?’ ಎಂದೂ, ಇನ್ನು ಕೆಲವೆಡೆ ‘ಪ-2’ ಎಂದೂ ಇತ್ತು. ಪ ಎಂದರೆ ಪತ್ರವೇ, ಪರಿಶೀಲಿಸಲಾಗಿದೆ ಎಂದೇ, ಪಠ್ಯ ಅಸ್ಪಷ್ಟ ಎಂದೇ? ಫೋನ್ ಮಾಡಿ ಕೇಳಿದಾಗ ಅವರಿಗೂ ನೆನಪಿರಲಿಲ್ಲ. ಪತ್ರಗಳನ್ನೆಲ್ಲ ಮತ್ತೆ ಮೊದಲಿನಿಂದ ನೋಡಬೇಕಾಯಿತು. ಆ ಕೊಠಡಿಯಲ್ಲಿ ಒಳ್ಳೆಯ ಸ್ಕ್ಯಾನರ್ ಇತ್ತು, ದೊಡ್ಡ ಪರದೆ ಇತ್ತು. ಕಾಲಂನಲ್ಲಿ ಬರೆದದ್ದರ ಅರ್ಥವೇನು ಎಂದು ತಿಳಿಸುವ ಒಂದು ಹಾಳೆ ಇರಲಿಲ್ಲ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕಾರ್ಯಸ್ಥಳ ಎಂದರೆ, ಒಬ್ಬರು ನಿಲ್ಲಿಸಿದ ಕೆಲಸವನ್ನು ಅವರನ್ನು ಕೇಳದೆಯೇ ಇನ್ನೊಬ್ಬರು ಮುಂದುವರಿಸಲು ಸಾಧ್ಯವಾಗುವ ಏರ್ಪಾಡು ಎಂದು ತಿಳಿಯಬೇಕು. ವಿಶ್ವವಿದ್ಯಾಲಯದಲ್ಲಿ ಜನ ಬರುತ್ತಲೇ ಇರುತ್ತಾರೆ, ಹೋಗುತ್ತಲೇ ಇರುತ್ತಾರೆ. ಮೇಜು, ಸರ್ವರ್, ಸಭೆ, ಒಪ್ಪಂದ ಇವೆಲ್ಲ ಆ ಬರುಹೋಗನ್ನು ತಾಳಿಕೊಳ್ಳುವಂತಿರಬೇಕು.

ಕೊಠಡಿಗೂ ಮೊದಲು ಎರಡು ಪುಟ

ಮೊದಲು ಒಂದು ಸಣ್ಣ ಯೋಜನೆಯನ್ನು ಆರಿಸಿಕೊಳ್ಳಿ. ಮೂವರು ಅಥವಾ ನಾಲ್ವರು, ಒಂದು ಸೆಮಿಸ್ಟರ್, ಕೈಗೆ ಸಿಗುವ ಒಂದು ಸಂಗ್ರಹ, ಇಷ್ಟು ಸಾಕು. ಇಡೀ ವಿಶ್ವವಿದ್ಯಾಲಯಕ್ಕೆ ಸೇವೆ ಸಲ್ಲಿಸುವ ಕೇಂದ್ರವೆಂದು ಆರಂಭದಲ್ಲೇ ಘೋಷಿಸಿಕೊಂಡರೆ ಎಲ್ಲ ವಿಭಾಗಗಳ ನಿರೀಕ್ಷೆಯೂ ಒಟ್ಟಿಗೆ ಬಂದು ಬೀಳುತ್ತದೆ, ಮಾಡಿ ತೋರಿಸಲು ಮಾತ್ರ ಏನೂ ಇರುವುದಿಲ್ಲ.

ಯೋಜನೆ ನಿಶ್ಚಯವಾದ ಕೂಡಲೇ ಎಲ್ಲರೂ ಕೂತು ಎರಡು ಪುಟ ಮೀರದ ಒಪ್ಪಂದ ಪತ್ರವೊಂದನ್ನು ಬರೆಯಬೇಕು. ಏನನ್ನು ಮಾಡುತ್ತೇವೆ, ಏನನ್ನು ಮಾಡುವುದಿಲ್ಲ, ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ಯಾರದು, ಯಾರು ವಾರಕ್ಕೆ ಎಷ್ಟು ಗಂಟೆ ಕೊಡುತ್ತಾರೆ, ನಡುವೆ ಬಿಟ್ಟುಹೋಗುವವರು ತಾವು ಮಾಡಿದ್ದರಲ್ಲಿ ಯಾವುದನ್ನು ಜೊತೆಗೆ ಒಯ್ಯಬಹುದು, ಯಾವುದನ್ನು ಬಿಟ್ಟುಹೋಗಬೇಕು ಎಂಬುದೆಲ್ಲ ಅದರಲ್ಲಿ ಇರಲಿ. ಎರಡನೆಯದನ್ನು, ಅಂದರೆ ಏನನ್ನು ಮಾಡುವುದಿಲ್ಲ ಎಂಬುದನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ. ನನ್ನ ಅನುಭವದಲ್ಲಿ ಮುಂದೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಈ ಪತ್ರದಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗ ಹೆಸರಿನದು. ಡಿಜಿಟಲ್ ಮಾನವಿಕಗಳ, ಅಂದರೆ ಇತಿಹಾಸ, ಸಾಹಿತ್ಯದಂತಹ ವಿಷಯಗಳನ್ನು ಕಂಪ್ಯೂಟರ್ ನೆರವಿನಿಂದ ಅಧ್ಯಯನ ಮಾಡುವ ಕ್ಷೇತ್ರದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಟಲಿಯ ಪಾದ್ರಿ ರೊಬೆರ್ತೊ ಬೂಸಾ ಅವರಿಂದ ಆರಂಭಿಸುತ್ತಾರೆ. ಅವರು 1949ರಲ್ಲಿ ಐಬಿಎಂ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ಕಂಡು, ಮಧ್ಯಯುಗದ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್ ಅವರ ಬರಹಗಳ ಪದಸೂಚಿಯನ್ನು ಯಂತ್ರದ ನೆರವಿನಿಂದ ಸಿದ್ಧಪಡಿಸಲು ಸಹಾಯ ಪಡೆದರು. ಅದು 1974ರಿಂದ 1980ರ ನಡುವೆ 56 ಸಂಪುಟಗಳಾಗಿ ಅಚ್ಚಾಯಿತು. ಆದರೆ ಆ ಪಠ್ಯವನ್ನು ಪಂಚ್ ಕಾರ್ಡುಗಳಿಗೆ, ಅಂದರೆ ಯಂತ್ರ ಓದುವಂತೆ ರಂಧ್ರ ಕೊರೆದ ಕಾರ್ಡುಗಳಿಗೆ ಇಳಿಸಿದವರಲ್ಲಿ ಬಹುಪಾಲು ಯುವತಿಯರು, ಅವರಲ್ಲಿ ಹೆಚ್ಚಿನವರ ಹೆಸರು ದಶಕಗಳ ಕಾಲ ಎಲ್ಲಿಯೂ ಕಾಣಿಸಲಿಲ್ಲ. ಈಚಿನ ಸಂಶೋಧಕರು ಹಳೆಯ ಛಾಯಾಚಿತ್ರಗಳನ್ನು ಇಟ್ಟುಕೊಂಡು ಅವರನ್ನು ಹುಡುಕಬೇಕಾಯಿತು. ಟೈಪು ಮಾಡಿದವರು, ಸ್ಕ್ಯಾನ್ ಮಾಡಿದವರು, ಪಟ್ಟಿ ತಿದ್ದಿದವರು ಕೃತಜ್ಞತೆಯ ಸಾಲಿನಲ್ಲೂ ಸಿಗದೆ ಹೋಗುವ ಪ್ರವೃತ್ತಿ ಈ ಕ್ಷೇತ್ರದ ಹುಟ್ಟಿನಿಂದಲೇ ಬಂದಿದೆ.

ಇದನ್ನು ತಪ್ಪಿಸಲು ಸಿದ್ಧ ಸಾಧನಗಳಿವೆ. ಸಂಶೋಧನಾ ಲೇಖನಗಳಲ್ಲಿ ಯಾರು ಏನು ಮಾಡಿದರು ಎಂದು ಹೇಳಲು ಬಳಸುವ ‘ಕ್ರೆಡಿಟ್’ ಎಂಬ ವರ್ಗೀಕರಣದಲ್ಲಿ ಪರಿಕಲ್ಪನೆ, ದತ್ತಾಂಶದ ನಿರ್ವಹಣೆ, ಸಾಫ್ಟ್‌ವೇರ್, ದೃಶ್ಯರೂಪ, ಬರವಣಿಗೆ ಮುಂತಾದ 14 ಪಾತ್ರಗಳಿವೆ. ನಿಮ್ಮ ಯೋಜನೆಗೆ ಹೊಂದುವವನ್ನು ಇಟ್ಟುಕೊಂಡು ‘ಪ್ರತಿಲೇಖನ’ (ಮೂಲವನ್ನು ನೋಡಿ ಟೈಪು ಮಾಡುವುದು), ‘ಛಾಯಾಗ್ರಹಣ’ದಂತಹವನ್ನು ಸೇರಿಸಿಕೊಳ್ಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಆವರಣದಲ್ಲಿ 2015ರಲ್ಲಿ ರೂಪುಗೊಂಡ ವಿದ್ಯಾರ್ಥಿ ಸಹಯೋಗಿಗಳ ಹಕ್ಕುಪತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯೋಜನೆಯ ಬೌದ್ಧಿಕ ವಿನ್ಯಾಸದಲ್ಲಿ ನಿರ್ಧಾರ ತೆಗೆದುಕೊಳ್ಳುವ ಅವಕಾಶವಿಲ್ಲದ ವಿದ್ಯಾರ್ಥಿಯ ಸಮಯಕ್ಕೆ ಸಂಬಳ ಕೊಡಬೇಕು ಎನ್ನುತ್ತದೆ. ಇದನ್ನು ಹಾಗೆಯೇ ಒಪ್ಪಂದಕ್ಕೆ ಸೇರಿಸುವುದು ಒಳ್ಳೆಯದು. ಅನುಭವ ಸಿಗುತ್ತದೆ ಎಂಬ ಮಾತಿನಿಂದ ಯಾರ ಬಸ್ಸಿನ ಟಿಕೆಟ್ಟೂ ಬರುವುದಿಲ್ಲ.

‘ಮಾದರಿ ಸಿದ್ಧವಾಗಿದೆ’ ಎಂದರೆ ಏನು?

ಬೇರೆ ಬೇರೆ ವಿಭಾಗದವರು ಒಂದೇ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಆಡುತ್ತಾರೆ ಎಂಬುದು ಕೇಳಲು ಸಣ್ಣ ವಿಷಯ. ಒಮ್ಮೆ ನಮ್ಮ ಸಭೆಯಲ್ಲಿ ಪ್ರೋಗ್ರಾಂ ಬರೆಯುವವರು ‘ಮಾದರಿ ಸಿದ್ಧವಾಗಿದೆ’ ಎಂದರು. ಕೈಬರಹವನ್ನು ಗುರುತಿಸಲು ತರಬೇತಿ ಕೊಟ್ಟ ಗಣಕ ಮಾದರಿ ಎಂಬುದು ಅವರ ಮನಸ್ಸಿನಲ್ಲಿತ್ತು. ಶಿಲ್ಪಕಲೆಯ ವಿದ್ಯಾರ್ಥಿ ಮೂರು ಆಯಾಮದ ಆಕೃತಿ ತಯಾರಾಯಿತು ಎಂದುಕೊಂಡು ಪ್ರದರ್ಶನಕ್ಕೆ ಸ್ಥಳ ಕಾಯ್ದಿರಿಸಿದರು. ಸಮಾಜಶಾಸ್ತ್ರದವರು ಸಂದರ್ಶನಕ್ಕೆ ಆಯ್ದ ಜನರ ಸ್ಯಾಂಪಲ್ ಎಂದು ತಿಳಿದು, ತಮ್ಮನ್ನು ಕೇಳದೆ ಆಯ್ಕೆ ಮಾಡಿದ್ದು ಹೇಗೆ ಎಂದು ಬೇಸರಿಸಿಕೊಂಡರು. ಗೊಂದಲ ಬಯಲಾಗಲು ಹತ್ತು ದಿನ ಬೇಕಾಯಿತು.

ಗೋಡೆಯ ಮೇಲೆ ಅಥವಾ ಹಂಚಿಕೆಯ ಕಡತದಲ್ಲಿ ಒಂದು ಪದಪಟ್ಟಿ ಇಡಿ. ಮಾದರಿ, ದತ್ತಾಂಶ, ಪ್ರತಿ, ಆವೃತ್ತಿ, ಮೂಲ, ಮುಗಿದಿದೆ, ಈ ಆರು ಪದಗಳಿಂದ ಆರಂಭಿಸಿದರೆ ಸಾಕು. ‘ಮುಗಿದಿದೆ’ ಎಂಬುದಕ್ಕೆ ಕಲಾವಿದರೂ ಸಂಪಾದಕರೂ ಒಂದೇ ಅರ್ಥ ಕೊಡುವ ದಿನ ಬರುವುದಿಲ್ಲ. ಹಾಗಾಗಿ ಆ ಪದವನ್ನು ಕೈಬಿಟ್ಟು ‘ಒಬ್ಬರು ಪರಿಶೀಲಿಸಿದ್ದಾರೆ’, ‘ಇಬ್ಬರು ಪರಿಶೀಲಿಸಿದ್ದಾರೆ’, ‘ಪ್ರಕಟವಾಗಿದೆ’ ಎಂಬ ಮೂರು ಹಂತಗಳನ್ನು ಬಳಸುವುದು ಮೇಲು.

ಕೊಠಡಿ

ಕೊಠಡಿಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಮಾತಾಡುವ ಕೆಲಸ ಮತ್ತು ಸುಮ್ಮನೆ ಕೂತು ಮಾಡುವ ಕೆಲಸ ಒಂದೇ ಮೇಜಿನ ಮೇಲೆ ಸಾಗುವುದಿಲ್ಲ, ಆದ್ದರಿಂದ ನಡುವೆ ಒಂದು ಕಪಾಟಾದರೂ ಅಡ್ಡ ಇರಲಿ. ಛಾಯಾಚಿತ್ರ ತೆಗೆಯುವ ಮತ್ತು ಸ್ಕ್ಯಾನ್ ಮಾಡುವ ಮೂಲೆಗೆ ಕಿಟಕಿಯ ಬೆಳಕು ಬೀಳಬಾರದು, ಏಕೆಂದರೆ ಬೆಳಿಗ್ಗೆ ತೆಗೆದ ಪುಟಕ್ಕೂ ಸಂಜೆ ತೆಗೆದ ಪುಟಕ್ಕೂ ಬಣ್ಣ ಬದಲಾಗುತ್ತದೆ. ಹೊಲಿದ ಹಳೆಯ ಪುಸ್ತಕಗಳನ್ನು ಗಾಜಿನ ಮೇಲೆ ಕವುಚಿ ಒತ್ತುವ ಸ್ಕ್ಯಾನರ್ ಬಳಸಿದರೆ ಬೆನ್ನು ಮುರಿಯುತ್ತದೆ; ಮೇಲಿನಿಂದ ಕ್ಯಾಮೆರಾ ನೋಡುವ ಸ್ಟ್ಯಾಂಡ್ ಮತ್ತು ಪುಸ್ತಕವನ್ನು ಅರ್ಧ ತೆರೆದು ಕೂರಿಸುವ ದಿಂಬು ಇರಲಿ. ಮೊದಲ ಚಿತ್ರದಲ್ಲಿ ಬಣ್ಣದ ಪಟ್ಟಿಯನ್ನೂ ಅಳತೆಪಟ್ಟಿಯನ್ನೂ ಇಟ್ಟು ತೆಗೆಯುವುದು ರೂಢಿಯಾಗಬೇಕು. ಸಾಧನಗಳ ಬಳಿ ಒಂದು ರಿಜಿಸ್ಟರ್ ಇರಲಿ, ಕಾಗದದ್ದೇ ಆಗಲಿ. ಅದರಲ್ಲಿ ಯಾರು, ಯಾವಾಗ, ಯಾವ ವಸ್ತುವನ್ನು, ಯಾವ ಸೆಟ್ಟಿಂಗ್‌ನಲ್ಲಿ ಎಂದು ಬರೆಯುತ್ತ ಹೋದರೆ ಎರಡು ವರ್ಷದ ನಂತರ ಅದೇ ಒಂದು ಆಕರವಾಗುತ್ತದೆ.

ಕಡತಗಳಿಗೆ ಮನೆ ಕಟ್ಟುವುದು

ಮೊದಲು ಎಷ್ಟು ಜಾಗ ಬೇಕೆಂದು ಲೆಕ್ಕ ಹಾಕಬೇಕು. ಎ4 ಅಳತೆಯ ಒಂದು ಪುಟವನ್ನು ಇಂಚಿಗೆ 400 ಬಿಂದುಗಳಂತೆ, 24 ಬಿಟ್ ಬಣ್ಣದಲ್ಲಿ, ಸಂಕುಚಿಸದ ಟಿಫ್ ಎಂಬ ಬಗೆಯ ಚಿತ್ರ ಕಡತವಾಗಿ ಉಳಿಸಿದರೆ ಸುಮಾರು 46 ಎಂಬಿ ಆಗುತ್ತದೆ. 600 ಬಿಂದುಗಳಿಗೆ ಏರಿಸಿದರೆ ಅದೇ ಪುಟ 100 ಎಂಬಿ ದಾಟುತ್ತದೆ. ಅಂದರೆ 400ರಲ್ಲಿ ಸಾವಿರ ಪುಟಕ್ಕೆ 46 ಜಿಬಿ, ಮೂರು ಪ್ರತಿ ಇಟ್ಟರೆ ಸುಮಾರು 140 ಜಿಬಿ. ಧ್ವನಿಯ ಲೆಕ್ಕ ಬೇರೆ: 96 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ವೇವ್ ಕಡತವಾದರೆ ಒಂದು ಗಂಟೆಯ ಸಂದರ್ಶನಕ್ಕೆ 2 ಜಿಬಿಗಿಂತ ಸ್ವಲ್ಪ ಹೆಚ್ಚು ಬೇಕು, 48 ಕಿಲೋಹರ್ಟ್ಸ್‌ನಲ್ಲಿ ಅದರ ಅರ್ಧ ಸಾಕು. ಈ ಲೆಕ್ಕವನ್ನು ಮೊದಲೇ ಬರೆದು ಕಂಪ್ಯೂಟರ್ ಕೇಂದ್ರದವರ ಮುಂದಿಟ್ಟರೆ ಮಾತು ಬೇಗ ಮುಗಿಯುತ್ತದೆ. ಜಾಗ ಸಾಲದು ಎಂದು ನಡುವೆ ಗೊತ್ತಾದರೆ ಮೊದಲು ಅಳಿಸಿಹೋಗುವುದು ಯಾವಾಗಲೂ ಮೂಲ ಪ್ರತಿಯೇ.

ಸರ್ವರ್‌ನಲ್ಲಿ ಮೂರು ಕೋಣೆಗಳಿರಲಿ. ಮೊದಲನೆಯದು ಮೂಲ: ಕ್ಯಾಮೆರಾದಿಂದ, ಸ್ಕ್ಯಾನರ್‌ನಿಂದ, ಧ್ವನಿಮುದ್ರಕದಿಂದ ಬಂದದ್ದು ಬಂದ ಹಾಗೆಯೇ ಇಲ್ಲಿ ಕೂರುತ್ತದೆ, ಮತ್ತು ಅದನ್ನು ಓದಲು ಮಾತ್ರ ಅನುಮತಿ ಇರುತ್ತದೆ. ಎರಡನೆಯದು ಕೆಲಸ: ತಿದ್ದುವುದು, ಕತ್ತರಿಸುವುದು, ಬಣ್ಣ ಸರಿಪಡಿಸುವುದು ಎಲ್ಲವೂ ಇಲ್ಲಿ. ಮೂರನೆಯದು ಪ್ರಕಟ: ಹೊರಗಿನವರಿಗೆ ಕಾಣುವುದು ಮಾತ್ರ. ಮೂಲದ ಕೋಣೆಗೆ ಬರೆಯುವ ಅನುಮತಿ ಒಬ್ಬರಿಗೆ ಅಥವಾ ಇಬ್ಬರಿಗೆ ಸೀಮಿತವಾಗಿರಬೇಕು. ಇದನ್ನು ಅಪನಂಬಿಕೆ ಎಂದು ಭಾವಿಸುವವರಿರುತ್ತಾರೆ; ಅಂಥವರಿಗೆ ಹಸ್ತಪ್ರತಿ ಭಂಡಾರದಲ್ಲಿ ಎಲ್ಲರ ಕೈಗೂ ಪೆನ್ನು ಕೊಡುವುದಿಲ್ಲವಲ್ಲ ಎಂದು ನೆನಪಿಸಬಹುದು.

ಕಡತದ ಹೆಸರುಗಳಲ್ಲಿ ‘ಅಂತಿಮ’ ಎಂಬ ಪದವನ್ನು ನಿಷೇಧಿಸಿ. ಅಂತಿಮ, ಅಂತಿಮ-2, ನಿಜವಾದ-ಅಂತಿಮ ಎಂಬ ಮೂರು ಕಡತಗಳಲ್ಲಿ ಯಾವುದು ಕೊನೆಯದೆಂದು ಅದನ್ನು ಇಟ್ಟವರಿಗೂ ಮರುವಾರ ಗೊತ್ತಿರುವುದಿಲ್ಲ. ವಸ್ತುವಿಗೆ ನಾಲ್ಕು ಅಂಕಿ, ಪುಟಕ್ಕೆ ಮೂರು ಅಂಕಿ, ಆವೃತ್ತಿಗೆ ಎರಡು ಅಂಕಿ ಎಂಬ ನಿಯಮದಲ್ಲಿ 0147-003-02 ಎಂದರೆ 147ನೆಯ ಪತ್ರದ ಮೂರನೆಯ ಪುಟದ ಎರಡನೆಯ ಆವೃತ್ತಿ. ಆರಂಭದ ಸೊನ್ನೆಗಳನ್ನು ಬಿಟ್ಟರೆ 10ನೆಯದು 2ನೆಯದಕ್ಕಿಂತ ಮೊದಲು ಬಂದು ಕೂರುವ ಸಾಧ್ಯತೆ ಇದೆ. ದಿನಾಂಕ ಬೇಕಿದ್ದರೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ 2024-03-09 ಎಂದು ಬರೆಯಿರಿ. ಅಂತಾರಾಷ್ಟ್ರೀಯ ಮಾನಕವಾದ ಐಎಸ್‌ಒ 8601 ಹೇಳುವುದೂ ಇದನ್ನೇ. ಪ್ರತಿ ಫೋಲ್ಡರ್‌ನಲ್ಲಿ ‘ಮೊದಲು ಇದನ್ನು ಓದಿ’ ಎಂಬ ಸರಳ ಪಠ್ಯ ಕಡತವೊಂದಿದ್ದು, ಒಳಗೇನಿದೆ, ಯಾರು ಇಟ್ಟರು, ಸಂಕ್ಷೇಪಗಳ ಅರ್ಥವೇನು ಎಂಬುದು ಅದರಲ್ಲಿ ಇರಬೇಕು. ಆ ‘ಪ’ದ ಅರ್ಥ ಇರಬೇಕಾಗಿದ್ದದ್ದು ಅಲ್ಲಿ.

ಬ್ಯಾಕಪ್ ವಿಷಯದಲ್ಲಿ ಮೂರು-ಎರಡು-ಒಂದು ಎಂಬ ಹಳೆಯ ಸೂತ್ರ ಈಗಲೂ ನಡೆಯುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿ. ಹಂಚಿಕೆಯ ಕ್ಲೌಡ್ ಫೋಲ್ಡರ್ ಇದ್ದ ಮೇಲೆ ಬ್ಯಾಕಪ್ ಇದ್ದಂತೆಯೇ ಎಂದು ಹಲವರು ನಂಬಿದ್ದಾರೆ. ಹಾಗಲ್ಲ, ಒಬ್ಬರು ತಪ್ಪಿ ಅಳಿಸಿದ್ದು ಕೆಲವೇ ನಿಮಿಷದಲ್ಲಿ ಎಲ್ಲರ ಕಂಪ್ಯೂಟರಿನಿಂದಲೂ ಅಳಿಸಿಹೋಗುತ್ತದೆ. ಮೂಲದ ಕೋಣೆಗೆ ಬಂದ ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ವಿಧಾನದಲ್ಲಿ ಪರಿಶೀಲನಾ ಸಂಖ್ಯೆಯನ್ನು ತೆಗೆದು ಒಂದು ಪಟ್ಟಿಯಲ್ಲಿ ಇಡಿ. ಅರವತ್ತನಾಲ್ಕು ಅಂಕಿ-ಅಕ್ಷರಗಳ ಆ ಸಾಲು ಕಡತದಲ್ಲಿ ಒಂದು ಬಿಟ್ ಬದಲಾದರೂ ಪೂರ್ತಿ ಬೇರೆಯಾಗುವುದರಿಂದ, ಸದ್ದಿಲ್ಲದೆ ಕೆಟ್ಟುಹೋದ ಚಿತ್ರ ಬೇಗ ಪತ್ತೆಯಾಗುತ್ತದೆ. ಸೆಮಿಸ್ಟರಿಗೊಮ್ಮೆ ಬ್ಯಾಕಪ್‌ನಿಂದ ಯಾವುದಾದರೂ ಹತ್ತು ಕಡತಗಳನ್ನು ನಿಜವಾಗಿಯೂ ಹಿಂದಕ್ಕೆ ತಂದು ತೆರೆದು ನೋಡಬೇಕು. ಹೀಗೆ ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

ಪಠ್ಯ ಮತ್ತು ಪಟ್ಟಿ

ಪಠ್ಯವನ್ನು ಪ್ರತಿ ಲಿಪಿಚಿಹ್ನೆಗೂ ಒಂದು ಸಂಕೇತ ಗೊತ್ತುಮಾಡಿರುವ ಯುನಿಕೋಡ್‌ನಲ್ಲಿಯೇ ಇಡಬೇಕು ಎಂದು ಇಂದು ಯಾರಿಗೂ ಹೇಳಬೇಕಿಲ್ಲ. ಹೇಳಬೇಕಾದದ್ದು, ಯುನಿಕೋಡ್ ಆದ ಮಾತ್ರಕ್ಕೆ ಎರಡು ಕೈಗಳ ಪಠ್ಯ ಒಂದೇ ಆಗಿರುವುದಿಲ್ಲ ಎಂಬುದು. ‘ಕೊ’ ಎಂಬ ಅಕ್ಷರವನ್ನೇ ತೆಗೆದುಕೊಳ್ಳಿ. ಇದನ್ನು ಕಕಾರದ ಮುಂದೆ ಒತ್ವದ ಒಂದೇ ಸಂಕೇತವನ್ನಿಟ್ಟು ಬರೆಯಬಹುದು, ಅಥವಾ ಕಕಾರದ ಮುಂದೆ ಎತ್ವದ ಸಂಕೇತವನ್ನೂ ಅದರ ಮುಂದೆ ಊಕಾರದ ಕೊಂಬಿನ ಸಂಕೇತವನ್ನೂ ಇಟ್ಟು ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಒಂದು ಎರಡು ಸಂಕೇತಗಳ ಸಾಲು, ಇನ್ನೊಂದು ಮೂರರ ಸಾಲು. ಹುಡುಕಿದಾಗ ‘ಕೊಳ’ ಅರ್ಧದಷ್ಟು ಪತ್ರಗಳಲ್ಲಿ ಸಿಕ್ಕಿ ಉಳಿದರ್ಧದಲ್ಲಿ ಸಿಗದಿದ್ದರೆ ಕಾರಣ ಇದೇ ಇರಬಹುದು. ‘ಸಾಫ್ಟ್‌ವೇರ್’ ಎಂಬಲ್ಲಿ ಟಕಾರಕ್ಕೆ ವಕಾರ ಒತ್ತಾಗದಂತೆ ತಡೆಯಲು ಹಾಕುವ ಕಣ್ಣಿಗೆ ಕಾಣದ ಸಂಕೇತವೂ ಇದೇ ಬಗೆಯ ತೊಂದರೆ ಕೊಡುತ್ತದೆ. ಪಠ್ಯವೆಲ್ಲವನ್ನೂ, ಒಂದೇ ಅಕ್ಷರದ ಇಂಥ ಬೇರೆ ಬೇರೆ ಸಾಲುಗಳನ್ನು ಒಂದಾಗಿಸುವ ಎನ್‌ಎಫ್‌ಸಿ ಎಂಬ ಮಾನಕ ರೂಪಕ್ಕೆ ತಂದು ಉಳಿಸಬೇಕೆಂಬುದು ಮೊದಲ ದಿನದ ನಿಯಮವಾಗಲಿ. ಕಾಣದ ಆ ಸಂಕೇತವನ್ನು ಮಾತ್ರ ಎನ್‌ಎಫ್‌ಸಿ ಮುಟ್ಟುವುದಿಲ್ಲವಾದ್ದರಿಂದ ಅದಕ್ಕೆ ಪ್ರತ್ಯೇಕ ತೀರ್ಮಾನ ಬೇಕು.

ಪ್ರತಿಲೇಖನದಲ್ಲಿ ವ್ಯಕ್ತಿ, ಸ್ಥಳ, ದಿನಾಂಕ, ಹೊಡೆದುಹಾಕಿದ ಸಾಲು, ಓದಲಾಗದ ಪದ ಇತ್ಯಾದಿಗಳಿಗೆ ಗುರುತು ಹಾಕಲು ಟಿಇಐ ಎಂಬ ಮಾರ್ಗಸೂಚಿ ಇದೆ. 1987ರಲ್ಲಿ ಅಮೆರಿಕದ ವಾಸರ್ ಕಾಲೇಜಿನಲ್ಲಿ ನಡೆದ ಸಭೆಯಿಂದ ಆರಂಭವಾದ ಅದು ಇಂದು ಎಷ್ಟು ದೊಡ್ಡದಾಗಿದೆ ಎಂದರೆ ಪೂರ್ತಿ ಕಲಿತ ಮೇಲೆ ಕೆಲಸ ಆರಂಭಿಸುತ್ತೇವೆ ಎಂದವರು ಆರಂಭಿಸುವುದೇ ಇಲ್ಲ. ಹದಿನೈದೋ ಇಪ್ಪತ್ತೋ ಗುರುತುಗಳನ್ನು ಆರಿಸಿ, ಪ್ರತಿಯೊಂದಕ್ಕೂ ನಿಮ್ಮ ಸಂಗ್ರಹದಿಂದಲೇ ಒಂದು ಉದಾಹರಣೆ ಬರೆದಿಡಿ. ‘ಅಣ್ಣ’ ಎಂದು ಪತ್ರದಲ್ಲಿ ಬಂದಾಗ ಅದು ವ್ಯಕ್ತಿಯ ಹೆಸರೇ, ಸಂಬಂಧಸೂಚಕವೇ, ಸುಮ್ಮನೆ ಗೌರವದ ಮಾತೇ? ಇಂಥ ಪ್ರಶ್ನೆ ಬಂದ ದಿನವೇ ತೀರ್ಮಾನವನ್ನೂ ಅದರ ಕಾರಣವನ್ನೂ ‘ನಿರ್ಧಾರಗಳ ದಾಖಲೆ’ಯಲ್ಲಿ ದಿನಾಂಕದೊಂದಿಗೆ ಬರೆಯಬೇಕು. ನನ್ನನ್ನು ಕೇಳಿದರೆ ಇಡೀ ಕಾರ್ಯಸ್ಥಳದಲ್ಲಿ ಅತ್ಯಂತ ಬೆಲೆಬಾಳುವ ಕಡತ ಇದೇ.

ಪಟ್ಟಿಗಳನ್ನು ಎಕ್ಸೆಲ್‌ನಂತಹ ತಂತ್ರಾಂಶದಲ್ಲಿ ಮಾಡುವವರು ದಿನಾಂಕದ ಕಾಲಂ ಬಗ್ಗೆ ಎಚ್ಚರವಾಗಿರಬೇಕು. ಅದರ ಸಾಮಾನ್ಯ ಏರ್ಪಾಡಿನಲ್ಲಿ ಕಾಲ ಆರಂಭವಾಗುವುದೇ 1900ರ ಜನವರಿ 1ರಿಂದ. 1905ರ ಪತ್ರದ ದಿನಾಂಕವನ್ನು ಅದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ, 1898ರದ್ದನ್ನು ಬರೀ ಪಠ್ಯವಾಗಿ. ಕಾಲಕ್ರಮದಲ್ಲಿ ಜೋಡಿಸಿದಾಗ ಸಂಖ್ಯೆಗಳು ಮೊದಲು, ಪಠ್ಯ ನಂತರ ಬರುವುದರಿಂದ ಹತ್ತೊಂಬತ್ತನೆಯ ಶತಮಾನ ಇಪ್ಪತ್ತನೆಯದರ ಕೆಳಗೆ ಹೋಗಿ ಕೂರುತ್ತದೆ. ಪೆಟ್ಟು ತಿಂದವರು ಇತಿಹಾಸಕಾರರು ಮಾತ್ರವಲ್ಲ: ಕೆಲವು ಮಾನವ ಜೀನ್‌ಗಳ ಸಂಕ್ಷಿಪ್ತ ಹೆಸರುಗಳನ್ನು ಇಂಥ ತಂತ್ರಾಂಶ ದಿನಾಂಕವೆಂದು ತಪ್ಪು ತಿಳಿದು ಬದಲಿಸುತ್ತಿದ್ದರಿಂದ ಜೀನ್ ನಾಮಕರಣ ಸಮಿತಿ ಆ ಹೆಸರುಗಳನ್ನೇ ಬದಲಾಯಿಸಿ 2020ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಬೇಕಾಯಿತು. ನಾವು ಅಷ್ಟು ದೂರ ಹೋಗಬೇಕಿಲ್ಲ. ವರ್ಷ, ತಿಂಗಳು, ದಿನಗಳಿಗೆ ಮೂರು ಬೇರೆ ಕಾಲಂ ಇಟ್ಟು, ಪತ್ರದಲ್ಲಿ ಬರೆದ ದಿನಾಂಕವನ್ನು ಇದ್ದಂತೆಯೇ ನಾಲ್ಕನೆಯ ಕಾಲಂನಲ್ಲಿ ನಕಲಿಸಿದರೆ ತೊಂದರೆ ಕಳೆಯುತ್ತದೆ. ಬಣ್ಣ ಬಳಿದು ಅರ್ಥ ಸೂಚಿಸುವ ಅಭ್ಯಾಸವನ್ನೂ ಬಿಡಬೇಕು, ಏಕೆಂದರೆ ಸಿಎಸ್‌ವಿ, ಅಂದರೆ ಬರೀ ಪಠ್ಯವನ್ನಷ್ಟೇ ಇಡುವ ಪಟ್ಟಿ ಕಡತವಾಗಿ ಉಳಿಸಿದ ಕ್ಷಣ ಹಳದಿ ಸಾಲುಗಳೆಲ್ಲ ಮತ್ತೆ ಬಿಳಿಯಾಗುತ್ತವೆ.

ವಿವರ ದಾಖಲಿಸಲು 1995ರಲ್ಲಿ ಆರಂಭವಾದ ಡಬ್ಲಿನ್ ಕೋರ್ ಎಂಬ ಮಾನಕದ, ಶೀರ್ಷಿಕೆ, ಕರ್ತೃ, ದಿನಾಂಕದಂತಹ 15 ಅಂಶಗಳು ಸಣ್ಣ ಸಂಗ್ರಹಕ್ಕೆ ಧಾರಾಳವಾಗಿ ಸಾಕು. ಆಕರಗಳ ಪಟ್ಟಿಗೆ ಜೊಟೆರೊ ಎಂಬ ತಂತ್ರಾಂಶದಲ್ಲಿ ಒಂದು ಗುಂಪು ಗ್ರಂಥಾಲಯ ತೆರೆಯಿರಿ. ಪಠ್ಯ ಮತ್ತು ಪ್ರೋಗ್ರಾಂಗಳ ಆವೃತ್ತಿಗಳನ್ನು ಕಾಯಲು, ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಎಂಬ ತಂತ್ರಾಂಶ ಒಳ್ಳೆಯದು, ಆದರೆ ದೊಡ್ಡ ಚಿತ್ರ ಮತ್ತು ವಿಡಿಯೊಗಳನ್ನು ಅದರಲ್ಲಿ ತುಂಬಬೇಡಿ. ಗಿಟ್ ಕಡತಗಳನ್ನು ಇಡುವ ಜಾಲತಾಣ ಗಿಟ್‌ಹಬ್ 100 ಎಂಬಿ ಮೀರಿದ ಕಡತವನ್ನು ಸಾಮಾನ್ಯ ರೀತಿಯಲ್ಲಿ ಸ್ವೀಕರಿಸುವುದೂ ಇಲ್ಲ. ಗಿಟ್ ಕಲಿಯಲು ಮನಸ್ಸಿಲ್ಲದ ಹಿರಿಯರನ್ನು ಒತ್ತಾಯಿಸುವುದಕ್ಕಿಂತ ಅವರ ತಿದ್ದುಪಡಿಗಳನ್ನು ಒಬ್ಬರು ಸೇರಿಸುವ ಏರ್ಪಾಡು ಮಾಡಿಕೊಳ್ಳುವುದೇ ಜಾಣತನ.

ಕೈಬರಹವನ್ನೋ ಅಚ್ಚನ್ನೋ ಯಂತ್ರದಿಂದ ಓದಿಸುವಾಗ, ಯಾವ ಮಾದರಿಯ ಯಾವ ಆವೃತ್ತಿ ಬಳಸಿದಿರಿ ಎಂಬುದನ್ನು ಪ್ರತಿ ಕಡತದ ವಿವರದಲ್ಲೂ ಬರೆಯಬೇಕು. ನೂರಕ್ಕೆ ಎರಡು ಅಕ್ಷರ ತಪ್ಪು ಎಂದರೆ ಬಹಳ ಚೆನ್ನಾಗಿದೆ ಎನ್ನಿಸುತ್ತದೆ. ಸಾವಿರ ಅಕ್ಷರಗಳ ಪುಟಕ್ಕೆ ಅದು ಇಪ್ಪತ್ತು ತಪ್ಪು, ಮತ್ತು ಯಂತ್ರ ಎಡವುವುದು ಹೆಚ್ಚಾಗಿ ನಾವು ಹುಡುಕುವ ಹೆಸರುಗಳ ಮೇಲೆಯೇ.

ಕಲಾವಿದರು ತರುವ ಬೇರೆ ಪ್ರಶ್ನೆಗಳು

ಇಂಥ ಕಾರ್ಯಸ್ಥಳಗಳಲ್ಲಿ ಕಲಾವಿದರನ್ನು ಕೊನೆಗೆ ಕರೆದು ‘ಇದನ್ನು ಸ್ವಲ್ಪ ಚೆಂದ ಮಾಡಿಕೊಡಿ’ ಎನ್ನುವ ಕೆಟ್ಟ ಅಭ್ಯಾಸವಿದೆ. ಮೊದಲ ಸಭೆಯಿಂದಲೇ ಅವರಿದ್ದರೆ ಪ್ರಶ್ನೆಗಳೇ ಬೇರೆಯಾಗುತ್ತವೆ. ಇತಿಹಾಸಕಾರರು ಪತ್ರದಲ್ಲಿ ಏನಿದೆ ಎಂದು ಕೇಳುವಾಗ, ಕಾಗದ ಎಲ್ಲೆಲ್ಲಿ ಮಡಚಿದೆ, ಯಾವ ಮಡಿಕೆ ಹೆಚ್ಚು ಸವೆದಿದೆ, ಎಷ್ಟು ಬಾರಿ ಬಿಚ್ಚಿ ಓದಿರಬಹುದು ಎಂದು ಕೇಳಿದವರು ನಮ್ಮಲ್ಲಿ ಒಬ್ಬ ಮುದ್ರಣ ಕಲಾವಿದೆ. ಆ ಪ್ರಶ್ನೆಯ ನಂತರವೇ ನಾವು ಪತ್ರಗಳ ಹಿಂಬದಿಯನ್ನೂ ಓರೆ ಬೆಳಕಿನಲ್ಲಿ ಚಿತ್ರ ತೆಗೆಯಲು ಆರಂಭಿಸಿದೆವು.

ಕಲಾಕೃತಿಯೇ ಡಿಜಿಟಲ್ ಆಗಿದ್ದರೆ ಅದನ್ನು ಉಳಿಸುವುದು ಪಠ್ಯವನ್ನು ಉಳಿಸಿದಷ್ಟು ಸುಲಭವಲ್ಲ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ, ಜಾಲಪುಟಗಳಲ್ಲಿ ಚಲಿಸುವ ಚಿತ್ರ, ಆಟಗಳನ್ನು ನಡೆಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ನ ಬೆಂಬಲವನ್ನು ನಿಲ್ಲಿಸಿ, ಮುಂದಿನ ಜನವರಿ 12ರಿಂದ ಅದರಲ್ಲಿ ಕೃತಿಗಳು ನಡೆಯದಂತೆ ತಡೆದಾಗ, ಎರಡು ದಶಕಗಳ ಜಾಲಕಲೆಯಲ್ಲಿ ದೊಡ್ಡ ಪಾಲು ಒಂದೇ ಏಟಿಗೆ ಮೌನವಾಯಿತು. ಆದ್ದರಿಂದ ಕೃತಿಯ ಜೊತೆಗೆ ತಂತ್ರಾಂಶದ ಆವೃತ್ತಿ, ಪರದೆಯ ಅಳತೆ, ಬಳಸಿದ ಅಕ್ಷರವಿನ್ಯಾಸ, ಜನ ಅದರೊಂದಿಗೆ ಹೇಗೆ ಆಡಿದರು ಎಂಬುದನ್ನು ತೋರಿಸುವ ವಿಡಿಯೊ ಇವನ್ನೂ ಇಡಿ. ಮುಂದೊಂದು ದಿನ ಇದನ್ನು ಬೇರೆ ತಂತ್ರದಲ್ಲಿ ಮತ್ತೆ ಕಟ್ಟಬೇಕಾದರೆ ಯಾವುದು ಬದಲಾದರೂ ಪರವಾಗಿಲ್ಲ, ಯಾವುದು ಬದಲಾಗಬಾರದು ಎಂದು ಕಲಾವಿದರಿಂದಲೇ ಒಂದು ಪುಟ ಬರೆಸಿಕೊಳ್ಳಿ. ವಸ್ತುಗಳನ್ನು ಛಾಯಾಚಿತ್ರಗಳಿಂದ ಮೂರು ಆಯಾಮದಲ್ಲಿ ಕಟ್ಟುವಾಗ ಒಂದು ಚಿತ್ರಕ್ಕೂ ಮುಂದಿನದಕ್ಕೂ ಶೇಕಡ 60ರಿಂದ 80ರಷ್ಟು ಭಾಗ ಸಮಾನವಾಗಿರಲಿ, ಮತ್ತು ಆಕೃತಿ ಸಿದ್ಧವಾದ ಮೇಲೂ ಮೂಲ ಛಾಯಾಚಿತ್ರಗಳನ್ನು ಎಸೆಯಬೇಡಿ. ಮುಂದಿನ ವರ್ಷದ ತಂತ್ರಾಂಶ ಅವೇ ಚಿತ್ರಗಳಿಂದ ಇನ್ನೂ ಒಳ್ಳೆಯ ಆಕೃತಿಯನ್ನು ಕೊಡಬಹುದು.

ವಾರದ ಸಭೆ

ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಸಾಕು. ಟಿಪ್ಪಣಿ ಬರೆಯುವ ಸರದಿ ಎಲ್ಲರಿಗೂ ಬರಲಿ, ಪ್ರಾಧ್ಯಾಪಕರಿಗೂ ಬರಲಿ. ಇದರ ಹೊರತಾಗಿ ವಾರದಲ್ಲಿ ಎರಡು ಗಂಟೆ ಎಲ್ಲರೂ ಒಂದೇ ಮೇಜಿನಲ್ಲಿ ಸುಮ್ಮನೆ ತಮ್ಮ ಕೆಲಸ ಮಾಡುತ್ತ ಕೂರುವ ಹೊತ್ತು ಇರಬೇಕು. ಪಕ್ಕದಲ್ಲಿ ಕೂತವರು ದಿನಕ್ಕೆ ನೂರು ಬಾರಿ ಕೈಯಿಂದ ಮಾಡುತ್ತಿರುವ ಕೆಲಸವನ್ನು ನಾಲ್ಕು ಸಾಲಿನ ಪ್ರೋಗ್ರಾಂ ಮಾಡಬಲ್ಲದು ಎಂಬುದು ಪಕ್ಕದಲ್ಲಿ ಕೂತು ನೋಡಿದಾಗಲೇ ಗೊತ್ತಾಗುವುದು.

ಹಕ್ಕು ಮತ್ತು ಒಪ್ಪಿಗೆ

ವಸ್ತು ನಿಮ್ಮ ಗ್ರಂಥಾಲಯದಲ್ಲಿದೆ ಎಂದ ಮಾತ್ರಕ್ಕೆ ಅದನ್ನು ಪ್ರಕಟಿಸುವ ಹಕ್ಕು ನಿಮ್ಮದಾಗುವುದಿಲ್ಲ. ಪತ್ರದ ಕಾಗದ ಸ್ವೀಕರಿಸಿದವರದ್ದಾದರೂ ಬರಹದ ಹಕ್ಕು ಸಾಮಾನ್ಯವಾಗಿ ಬರೆದವರದ್ದು. ಪ್ರತಿ ವಸ್ತುವಿನ ವಿವರದಲ್ಲೂ ಹಕ್ಕಿನ ಕಾಲಂ ಒಂದಿರಲಿ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಇಂಥ ದಿನ ಹುಡುಕಿದೆವು’ ಎಂದೇ ಬರೆಯಿರಿ. ನೀವೇ ಸೃಷ್ಟಿಸಿದ ದತ್ತಾಂಶ ಮತ್ತು ಬರಹಕ್ಕೆ ಇತರರ ಮರುಬಳಕೆಗೆ ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಹೊಂದುತ್ತವೆ, ಪ್ರೋಗ್ರಾಂಗೆ ಅವು ತಕ್ಕವಲ್ಲ. ಅದಕ್ಕೆ ಎಂಐಟಿ ಅಥವಾ ಜಿಪಿಎಲ್‌ನಂತಹ ತಂತ್ರಾಂಶ ಪರವಾನಗಿ ಬೇಕು.

ಸಂದರ್ಶನ ಕೊಟ್ಟವರ ಒಪ್ಪಿಗೆಯನ್ನು ಹಂತ ಹಂತವಾಗಿ ಕೇಳಬೇಕು: ಧ್ವನಿಮುದ್ರಿಸಲು, ತಂಡದವರು ಕೇಳಲು, ತರಗತಿಯಲ್ಲಿ ಬಳಸಲು, ಜಾಲತಾಣದಲ್ಲಿ ಹಾಕಲು. ಮೊದಲನೆಯದಕ್ಕೆ ಹೂಂ ಎಂದವರು ನಾಲ್ಕನೆಯದಕ್ಕೂ ಹೂಂ ಎಂದಂತಲ್ಲ. ಸಂಶೋಧನಾ ದತ್ತಾಂಶ ಸಿಗುವಂತಿರಬೇಕು, ಮರುಬಳಕೆಗೆ ಬರುವಂತಿರಬೇಕು ಎನ್ನುವ 2016ರ ‘ಫೇರ್’ ತತ್ತ್ವಗಳನ್ನು ಎಲ್ಲರೂ ಉದ್ಧರಿಸುತ್ತಾರೆ. ಆದಿವಾಸಿ ಸಮುದಾಯಗಳಿಗೆ ತಮ್ಮ ಕುರಿತ ದತ್ತಾಂಶದ ಮೇಲೆ ಅಧಿಕಾರವಿದೆ, ಅದರ ಲಾಭ ಅವರಿಗೂ ಸಿಗಬೇಕು ಎನ್ನುವ 2019ರ ‘ಕೇರ್’ ತತ್ತ್ವಗಳು ಅಷ್ಟು ಕೇಳಿಬರುವುದಿಲ್ಲ. ಹಾಡು, ಆಚರಣೆ, ಮೌಖಿಕ ಕಥನಗಳನ್ನು ಸಂಗ್ರಹಿಸುವ ತಂಡ ಎರಡನೆಯದನ್ನು ಮೊದಲು ಓದಿಕೊಳ್ಳುವುದು ಉತ್ತಮ.

ಕೈ ಬದಲಾಗುವಾಗ

ಯಾವ ಖಾತೆಯೂ ವ್ಯಕ್ತಿಯೊಬ್ಬರ ಸ್ವಂತ ಇಮೇಲ್ ಹೆಸರಿನಲ್ಲಿ ಇರಬಾರದು. ಜಾಲತಾಣದ ವಿಳಾಸ, ಸರ್ವರ್, ಕ್ಲೌಡ್ ಫೋಲ್ಡರ್ ಎಲ್ಲವೂ ಯೋಜನೆಯ ವಿಳಾಸಕ್ಕೆ ಕಟ್ಟಿಕೊಂಡಿರಬೇಕು, ಪಾಸ್‌ವರ್ಡ್‌ಗಳು ಇಬ್ಬರಿಗೆ ಗೊತ್ತಿರಬೇಕು. ಹೊರಡುವವರ ಕೊನೆಯ ಮೂರು ವಾರಗಳನ್ನು ಹೊಸ ಕೆಲಸಕ್ಕೆ ಬಳಸದೆ ಹಸ್ತಾಂತರಕ್ಕೇ ಮೀಸಲಿಡಿ. ಯೋಜನೆಯೇ ಮುಗಿಯುವಾಗ ದತ್ತಾಂಶವನ್ನು ವಿಶ್ವವಿದ್ಯಾಲಯದ ಭಂಡಾರದಲ್ಲಿ ಅಥವಾ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ 2013ರಿಂದ ನಡೆಸುತ್ತಿರುವ ಜೆನೊಡೊದಂತಹ ಆನ್‌ಲೈನ್ ಭಂಡಾರದಲ್ಲಿ ಇಟ್ಟು, ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಪಡೆಯಿರಿ. ಜಾಲತಾಣ ಡೇಟಾಬೇಸ್‌ನ ಮೇಲೆ ನಿಂತಿದ್ದರೆ ಅದನ್ನು ಸ್ಥಿರ ಪುಟಗಳಾಗಿ ಇಳಿಸಿಬಿಡಿ. ಯಾರೂ ನೋಡಿಕೊಳ್ಳದ ಡೇಟಾಬೇಸ್ ಕೆಲವೇ ವರ್ಷಗಳಲ್ಲಿ ಕೈಕೊಡುತ್ತದೆ, ಸ್ಥಿರ ಪುಟ ಹಾಗೆಯೇ ಬಿದ್ದಿರುತ್ತದೆ.

ಏರ್ಪಾಡು ಸರಿಯಿದೆಯೇ ಎಂದು ತಿಳಿಯಲು ನಾವು ಸೆಮಿಸ್ಟರಿಗೊಮ್ಮೆ ಮಾಡುವ ಒಂದು ಪರೀಕ್ಷೆ ಇದೆ. ತಂಡಕ್ಕೆ ಸೇರದ ಒಬ್ಬರನ್ನು ಕರೆದು, ಓದುವ ಅನುಮತಿ ಕೊಟ್ಟು, ಕೈಗೆ ಒಂದು ಚೀಟಿ ಕೊಡುತ್ತೇವೆ: 147ನೆಯ ಪತ್ರದ ಮೂರನೆಯ ಪುಟದ ಮೂಲ ಚಿತ್ರವನ್ನೂ ಕೊನೆಯ ಪ್ರತಿಲೇಖನವನ್ನೂ ತೆರೆಯಿರಿ, ಅದನ್ನು ಮಾಡಿದವರು ಯಾರು, ಪರಿಶೀಲಿಸಿದವರು ಯಾರು, ಏಳನೆಯ ಕಾಲಂನಲ್ಲಿ ಬರೆದಿರುವುದರ ಅರ್ಥವೇನು ಎಂದು ಹೇಳಿರಿ. ಅರ್ಧ ಗಂಟೆ ಸಮಯ. ತಂಡದವರು ಹಿಂದೆ ನಿಂತು ನೋಡಬಹುದು, ಬಾಯಿ ಬಿಡುವಂತಿಲ್ಲ. ಅವರು ಎಲ್ಲಿ ತಡವರಿಸುತ್ತಾರೋ ಆ ಜಾಗವನ್ನು ಗುರುತು ಹಾಕಿಕೊಂಡು, ಅವರು ಎದ್ದು ಹೋಗುವ ಮೊದಲೇ ಆಯಾ ಫೋಲ್ಡರ್‌ನ ‘ಮೊದಲು ಇದನ್ನು ಓದಿ’ ಕಡತಕ್ಕೆ ಆ ಸಾಲನ್ನು ಸೇರಿಸುತ್ತೇವೆ. ಕಳೆದ ಬಾರಿ ಬಂದವರು ಹದಿನೆಂಟು ನಿಮಿಷದಲ್ಲಿ ಮುಗಿಸಿದರು. ಅದರಲ್ಲಿ ಏಳು ನಿಮಿಷ ಹೋದದ್ದು ಪರಿಶೀಲಿಸಿದವರ ಹೆಸರು ಹುಡುಕಲು.